ಮರಕ್ಕೆ ಹಬ್ಬಿದ ಐವಿಯನ್ನು ಎಳೆಯಬೇಕೇ, ಕತ್ತರಿಸಬೇಕೇ?

ಪ್ರಶ್ನೆ: ಸಿಯಾಟಲ್ ಸಮೀಪ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ಹಿತ್ತಲಿನ ನೆಲವನ್ನೂ ಬೇಲಿಯನ್ನೂ ಎರಡು ದೊಡ್ಡ ಮರಗಳನ್ನೂ ಐವಿ ಬಳ್ಳಿ ಮುಚ್ಚಿಬಿಟ್ಟಿದೆ. ಇದನ್ನು ತೆಗೆಯುವುದು ಹೇಗೆ? ತೆಗೆದ ರಾಶಿಯನ್ನು ಎಲ್ಲಿ ಹಾಕುವುದು?

ಉತ್ತರ: ಮರಗಳಿಂದಲೇ ಆರಂಭಿಸಿ, ಆದರೆ ಬಳ್ಳಿಯನ್ನು ಹಿಡಿದು ಎಳೆಯಬೇಡಿ. ಹಾಗೆ ಎಳೆದಾಗ ಮೇಲೆ ಸಿಕ್ಕಿಕೊಂಡಿರುವ ಒಣ ಕೊಂಬೆಗಳು ತಲೆಯ ಮೇಲೆ ಬೀಳಬಹುದು, ಮರದ ತೊಗಟೆಯೂ ಕಿತ್ತುಬರಬಹುದು. ಐವಿಯು ನಮ್ಮ ಕಡೆಯ ಬಂದಳಿಕೆಯಂತೆ ಮರದ ಸಾರ ಹೀರುವ ಸಸ್ಯವಲ್ಲ. ಕಾಂಡದ ಮೇಲಿನ ಕೂದಲಿನಂಥ ಬೇರುಗಳು ತೊಗಟೆಯನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ನೀರೆಲ್ಲವೂ ನೆಲದಿಂದಲೇ ಏರಬೇಕು. ಆದ್ದರಿಂದ ಬುಡದಲ್ಲಿ ಸಂಪರ್ಕ ಕಡಿದುಹೋದರೆ ಮೇಲಿನ ಬಳ್ಳಿ ತಾನಾಗಿಯೇ ಸಾಯುತ್ತದೆ.

ಮರದ ಸುತ್ತಲೂ ಭುಜದ ಎತ್ತರದಲ್ಲಿ ಒಮ್ಮೆ, ಪಾದದ ಬಳಿ ಇನ್ನೊಮ್ಮೆ, ಒಂದು ಎಳೆಯೂ ಉಳಿಯದಂತೆ ಬಳ್ಳಿಗಳನ್ನು ಕತ್ತರಿಸಿ, ನಡುವಿನ ತುಂಡುಗಳನ್ನು ಮೆಲ್ಲಗೆ ಬಿಡಿಸಿ ತೆಗೆಯಿರಿ. ತೋಳಿನಷ್ಟು ದಪ್ಪವಾದ ಹಳೆಯ ಕಾಂಡಗಳಿಗೆ ಕೈಗರಗಸ ಬೇಕಾಗುತ್ತದೆ. ಗರಗಸ ಮರದ ತೊಗಟೆಗೆ ತಾಗದಂತೆ ಎಚ್ಚರ ವಹಿಸಿ. ಬಳಿಕ ಬುಡದ ಸುತ್ತ ನಾಲ್ಕೈದು ಅಡಿಯಷ್ಟು ನೆಲದಲ್ಲಿ ಐವಿಯನ್ನು ಬೇರುಸಹಿತ ಕಿತ್ತು ತೆರವು ಮಾಡಿ. ಮೇಲಿನ ಎಲೆಗಳು ಕೆಲವು ವಾರಗಳ ಕಾಲ ಹಸಿರಾಗಿಯೇ ಇರುವುದನ್ನು ಕಂಡು ಕೆಲಸ ಕೆಟ್ಟಿತೆಂದು ಭಾವಿಸಬೇಕಿಲ್ಲ. ಒಣಗಿದ ಬಳ್ಳಿ ಗಾಳಿಮಳೆಗೆ ಉದುರುತ್ತಾ ಹೋಗುತ್ತದೆ, ಅದನ್ನು ಹಾಗೆಯೇ ಬಿಡುವುದು ಲೇಸು.

ಮರಗಳಿಗೆ ಮೊದಲ ಸ್ಥಾನ ಕೊಡುವುದಕ್ಕೆ ಎರಡು ಕಾರಣಗಳಿವೆ. ಎಲೆ ಉದುರಿಸದ ಈ ಬಳ್ಳಿಯ ಭಾರ ಹೊತ್ತ ಮರ ಚಳಿಗಾಲದ ಬಿರುಗಾಳಿಗೆ ಹಾಯಿಯಂತೆ ಎದುರಾಗಿ ನಿಲ್ಲಬೇಕಾಗುತ್ತದೆ. ಎರಡನೆಯದಾಗಿ, ನೆಲದಲ್ಲಿ ಹರಡಿರುವವರೆಗೆ ಸಾಮಾನ್ಯವಾಗಿ ಹೂ ಬಿಡದ ಐವಿ, ಎತ್ತರಕ್ಕೇರಿ ಬಲಿತ ಮೇಲೆ ಎಲೆಯ ಆಕಾರವನ್ನೇ ಬದಲಿಸಿಕೊಂಡು ಹೂ ಬಿಟ್ಟು, ಕಪ್ಪು ಹಣ್ಣು ಕೊಡುತ್ತದೆ. ಹಕ್ಕಿಗಳು ಅದರ ಬೀಜವನ್ನು ಸುತ್ತಲಿನ ಕಾಡಿಗೆ ಒಯ್ಯುತ್ತವೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ ಇದರ ಕೆಲವು ತಳಿಗಳನ್ನು ಉಪದ್ರವಕಾರಿ ಕಳೆಗಳ ಪಟ್ಟಿಯಲ್ಲಿ ‘ಸಿ’ ವರ್ಗಕ್ಕೆ, ಅಂದರೆ ಈಗಾಗಲೇ ವ್ಯಾಪಕವಾಗಿ ಹರಡಿರುವ ಕಳೆಗಳ ಗುಂಪಿಗೆ, ಸೇರಿಸಿದೆ. ನೆರೆಯ ಆರೆಗಾನ್‌ನಲ್ಲಿ ಇದರ ಮಾರಾಟಕ್ಕೆ 2010ರಿಂದ ನಿಷೇಧವಿದೆ. ಇದೇ ಪ್ರಶ್ನೆ ಇಂಗ್ಲೆಂಡಿನಿಂದ ಬಂದಿದ್ದರೆ ಮರದ ಮೇಲಿನ ಐವಿಯನ್ನು ಬಹುಮಟ್ಟಿಗೆ ಬಿಟ್ಟುಬಿಡಿ ಎನ್ನುತ್ತಿದ್ದೆ: ಅಲ್ಲಿ ಅದು ಸ್ವಂತ ನೆಲದ ಗಿಡ, ಬೇರೆ ಹೂಗಳು ಮುಗಿದ ಶರತ್ಕಾಲದಲ್ಲಿ ಜೇನ್ನೊಣಗಳಿಗೆ ಮಕರಂದ ಕೊಡುತ್ತದೆ.

ನೆಲದ ಐವಿಯ ಬೇರು ಹೆಚ್ಚು ಆಳಕ್ಕಿಳಿಯುವುದಿಲ್ಲವಾದ್ದರಿಂದ ಮಳೆ ಬಂದು ಮಣ್ಣು ಮೆತ್ತಗಾದಾಗ ಕೀಳುವುದು ಸುಲಭ. ಹಾಸನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಚಾಪೆ ಸುತ್ತಿದಂತೆ ಸುತ್ತುತ್ತಾ ಬನ್ನಿ. ವಸಂತ ಬರುವ ಮೊದಲೇ ಇದನ್ನು ಮುಗಿಸಿದರೆ ಬಳ್ಳಿಯೊಳಗೆ ಹಕ್ಕಿಗಳು ಗೂಡು ಕಟ್ಟುವ ಕಾಲವನ್ನೂ ತಪ್ಪಿಸಿದಂತಾಗುತ್ತದೆ. ಇಳಿಜಾರಾದರೆ ಮಾತ್ರ ಎಲ್ಲವನ್ನೂ ಒಂದೇ ಸಲಕ್ಕೆ ಬರಿದು ಮಾಡದೆ, ತೆರವಾದಷ್ಟು ಜಾಗದಲ್ಲಿ ಅಲ್ಲಿಯದೇ ಆದ ಸ್ವೋರ್ಡ್ ಫರ್ನ್ ಎಂಬ ಜರೀಗಿಡ ಅಥವಾ ಸಲಾಲ್ ಎಂಬ ಪೊದೆಗಿಡ ನೆಡುತ್ತಾ ಮುಂದೆ ಹೋಗಿ, ಇಲ್ಲದಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ. ಕಳೆನಾಶಕದ ಗೊಡವೆ ಬೇಡ. ಮೇಣದ ಲೇಪವಿರುವ ಈ ಎಲೆಗಳೊಳಗೆ ಅದು ಸರಿಯಾಗಿ ಇಳಿಯುವುದೇ ಇಲ್ಲ. ಐವಿಯ ರಸದಿಂದ ಕೆಲವರ ಚರ್ಮಕ್ಕೆ ಉರಿ, ಗುಳ್ಳೆ ಬರುವುದರಿಂದ ಕೈಗವಸು, ತುಂಬುತೋಳಿನ ಅಂಗಿ ಅಗತ್ಯ. ಹೆಸರು ಕೇಳಿ ಗಾಬರಿಪಡಿಸುವ ಪಾಯ್ಸನ್ ಐವಿಯೇ ಬೇರೆ, ಅದಕ್ಕೂ ಇದಕ್ಕೂ ನೆಂಟಸ್ತನವಿಲ್ಲ.

ಇನ್ನು ಕಿತ್ತ ರಾಶಿಯ ವಿಚಾರ. ಹೆಚ್ಚಿನವರು ಎಡವುವುದು ಇಲ್ಲಿಯೇ. ಬೆಂಗಳೂರಿನ ಮನೆಯಲ್ಲಿ ಮನಿಪ್ಲಾಂಟಿನ ಒಂದು ಗೆಣ್ಣನ್ನು ಮುರಿದು ಒದ್ದೆ ಮಣ್ಣಿಗೆ ಹಾಕಿದರೆ ಅದು ಚಿಗುರುವುದನ್ನು ನೋಡಿರುತ್ತೀರಿ. ಐವಿಯ ಸ್ವಭಾವವೂ ಹಾಗೆಯೇ, ಕಿತ್ತ ಬಳ್ಳಿ ಒಣಗುವವರೆಗೂ ಜೀವಂತವೆಂದೇ ತಿಳಿಯಬೇಕು. ಆದ್ದರಿಂದ ರಾಶಿಯನ್ನು ಬರಿಯ ನೆಲದ ಮೇಲೆ ಬಿಡಬೇಡಿ, ಹಸಿಯಾಗಿ ಗೊಬ್ಬರದ ಗುಂಡಿಗೂ ಹಾಕಬೇಡಿ, ಬೇಲಿಯಾಚೆಯ ಕಾಡಿಗಂತೂ ಎಸೆಯಲೇಬೇಡಿ. ಎಲ್ಲಕ್ಕಿಂತ ಸರಳವಾದ ದಾರಿಯೆಂದರೆ ತೋಟದ ಕಸಕ್ಕೆಂದು ನಗರದವರು ಕೊಡುವ ತೊಟ್ಟಿಗೆ ತುಂಡುಮಾಡಿ ತುಂಬುವುದು. ದೊಡ್ಡ ಪ್ರಮಾಣದಲ್ಲಿ ಗೊಬ್ಬರ ಮಾಡುವಾಗ ಏರುವ ಶಾಖದಲ್ಲಿ ಬಳ್ಳಿ ಸಾಯುತ್ತದೆ, ಮನೆಯ ಗುಂಡಿಗೆ ಸಾಮಾನ್ಯವಾಗಿ ಅಷ್ಟು ಶಾಖ ಬರುವುದಿಲ್ಲ. ಒಂದೇ ಬಾರಿಗೆ ಹಿಡಿಸದಿದ್ದರೆ ಉಳಿದದ್ದನ್ನು ಟಾರ್ಪಾಲಿನ ಮೇಲೆ ಒಟ್ಟಿ, ಮಳೆ ಬೀಳದಂತೆ ಮುಚ್ಚಿ, ಕಾಂಡ ಬಗ್ಗಿಸಿದರೆ ಪಟ್ಟನೆ ಮುರಿಯುವಷ್ಟು ಒಣಗಿಸಿ. ಆಮೇಲೆ ಹಣ್ಣಿಲ್ಲದ ಬಳ್ಳಿಯನ್ನು ಮನೆಯ ಗೊಬ್ಬರಕ್ಕೂ ಬಳಸಬಹುದು. ಸುಡುವ ಯೋಚನೆಯಿದ್ದರೆ ಕೈಬಿಡಿ, ವಾಷಿಂಗ್ಟನ್ ರಾಜ್ಯದ ನಗರ ಪ್ರದೇಶಗಳಲ್ಲಿ ತೋಟದ ಕಸ ಸುಡುವುದಕ್ಕೆ ಅನುಮತಿಯಿಲ್ಲ.

ಬೇಲಿಗೆ ಹಬ್ಬಿದ್ದನ್ನು ಬುಡದಲ್ಲಿ ಕಡಿದು, ಒಣಗಿದ ಮೇಲೆ ಬಿಡಿಸಿದರೆ ಹಲಗೆಗಳು ಉಳಿಯುತ್ತವೆ. ಮುಂದಿನ ಎರಡು ಮೂರು ವರ್ಷ, ವರ್ಷಕ್ಕೆರಡು ಬಾರಿಯಾದರೂ ಹಿತ್ತಲನ್ನು ಒಂದು ಸುತ್ತು ಹಾಕಿ, ಉಳಿದ ಬೇರಿನ ಚೂರುಗಳಿಂದ ಎದ್ದ ಚಿಗುರುಗಳನ್ನು ಬೆರಳುದ್ದ ಇರುವಾಗಲೇ ಕೀಳಬೇಕಾಗುತ್ತದೆ.