ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಮತ್ತು ಮಿದುಳಿನ ರಕ್ತಹರಿವು: ಹರಿವು ಹೆಚ್ಚಿದ್ದರೂ ಕೊರತೆ ಹೇಗೆ?

ಮಿದುಳು ದೇಹದ ತೂಕದಲ್ಲಿ ಶೇ. 2 ಮಾತ್ರ, ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಶೇ. 15 ಅದಕ್ಕೇ ಬೇಕು. ಮೂತ್ರಪಿಂಡಗಳಿಗೆ ಶೇ. 20ರಷ್ಟು. ಎರಡರಲ್ಲೂ ಸಣ್ಣ ನಾಳಗಳು ಸದಾ ರಭಸದ ಹರಿವಿಗೆ ಮೈಯೊಡ್ಡಿರುತ್ತವೆ. ಬಿಪಿ, ಶುಗರ್ ಒಂದನ್ನು ಕೆಡಿಸಿದರೆ ಇನ್ನೊಂದೂ ಕೆಟ್ಟಿರುವ ಸಾಧ್ಯತೆ ಹೆಚ್ಚು. ಇಷ್ಟು ಸುಲಭ.

ಗಂಟು ಇರುವುದು ಇಲ್ಲಿ. ಕಾಯಿಲೆ ಮುಂದುವರಿದು ರಕ್ತಹೀನತೆ ಬಂದವರಲ್ಲಿ ಅಳೆದರೆ, ಮಿದುಳಿನ ಹರಿವು ಆರೋಗ್ಯವಂತರಿಗಿಂತ ಹೆಚ್ಚೇ ಸಿಗಬಹುದು. ಹಾಗಾದರೆ ಕೊರತೆ ಎಲ್ಲಿ?

ಲೆಕ್ಕ ಹಾಕಿ ನೋಡಿ. 1 ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲೀ ಆಮ್ಲಜನಕ ಹೊರುತ್ತದೆ. ಎಚ್‌ಬಿ (100 ಮಿಲೀ ರಕ್ತದಲ್ಲಿರುವ ಹಿಮೋಗ್ಲೋಬಿನ್, ಗ್ರಾಂ ಲೆಕ್ಕದಲ್ಲಿ) 15 ಇದ್ದರೆ 100 ಮಿಲೀ ರಕ್ತದಲ್ಲಿ 20 ಮಿಲೀ. ಎಚ್‌ಬಿ 8 ಇದ್ದರೆ 10.7 ಮಾತ್ರ. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ 50 ಮಿಲೀ ರಕ್ತ ಹೋಗುತ್ತದೆ, ಅಂದರೆ 10 ಮಿಲೀ ಆಮ್ಲಜನಕ. ಎಚ್‌ಬಿ 8ರಲ್ಲಿ ಅದೇ 50 ಮಿಲೀ ತಲುಪಿಸುವುದು 5.4. ಹಳೆಯ 10 ಬೇಕೆಂದರೆ ಹರಿವು 93ಕ್ಕೆ ಏರಬೇಕು! ನೀರು ಬೆರೆತ ಹಾಲಿನಲ್ಲಿ ಅಷ್ಟೇ ಬೆಣ್ಣೆ ತೆಗೆಯಬೇಕಾದರೆ ಎರಡು ಪಾಲು ಹಾಲು ಬೇಕಲ್ಲ, ಹಾಗೆ. ಹರಿವು 70ಕ್ಕೆ ಏರಿದರೂ ತಲುಪುವುದು 7.5 ಮಾತ್ರ. ಆದ್ದರಿಂದ ಎಚ್‌ಬಿ ನೋಡದೆ ಹರಿವಿನ ಅಂಕಿಯನ್ನು ಓದಲೇಬೇಡಿ. ಎರಿತ್ರೊಪೊಯೆಟಿನ್ (ಕೆಂಪು ರಕ್ತಕಣ ಹೆಚ್ಚಿಸಿ ಎಚ್‌ಬಿ ಏರಿಸುವ ಔಷಧಿ) ಕೊಟ್ಟ ಮೇಲೆ ಹರಿವು ಇಳಿದರೆ ಅದು ಸಾಮಾನ್ಯವಾಗಿ ಹದಗೆಟ್ಟ ಸೂಚನೆಯಲ್ಲ.

ಇನ್ನೊಂದು ಎಳೆ ಇದಕ್ಕೇ ಅಂಟಿದೆ, ನನಗೆ ಅತಿ ಮುಖ್ಯ ಅನ್ನಿಸಿದ್ದೂ ಇದೇ. ಹರಿವು ಏರುವುದು ನಾಳಗಳು ಹಿಗ್ಗಿದ್ದರಿಂದ. ಬಿಪಿ ಕುಸಿದಾಗ ಮಿದುಳನ್ನು ಕಾಯುವುದೂ ಅದೇ ಹಿಗ್ಗುವಿಕೆ. ಅದರಲ್ಲಿ ಒಂದಷ್ಟು ಮೊದಲೇ ಖರ್ಚಾಗಿದ್ದರೆ, ನಾಳಗಳೂ ಪೆಡಸಾಗಿದ್ದರೆ, ಡಯಾಲಿಸಿಸ್‌ನಲ್ಲಿ ನೀರು ತೆಗೆದು ಬಿಪಿ ಇಳಿದಾಗ ಉಳಿದಿರುವ ಆಸರೆ ತೀರಾ ಕಡಿಮೆ. 2018ರ ಒಂದು ಪಿಇಟಿ (ಅಂಗದೊಳಗಿನ ರಕ್ತಹರಿವನ್ನು ಅಳೆಯಬಲ್ಲ ಸ್ಕ್ಯಾನ್) ಅಧ್ಯಯನದಲ್ಲಿ 65 ದಾಟಿದ 12 ರೋಗಿಗಳನ್ನು ನೋಡಿದರು. ಡಯಾಲಿಸಿಸ್ ಹೊತ್ತಿನಲ್ಲಿ ಮಿದುಳಿನ ಹರಿವು ಸರಾಸರಿ ಶೇ. 10 ಇಳಿದಿತ್ತು.

ಹಾಗೆಂದು ಎಚ್‌ಬಿಯನ್ನು ಪೂರ್ತಿ ಏರಿಸಿಬಿಡಬೇಕೇ? ಬೇಡ. ಸಕ್ಕರೆ ಕಾಯಿಲೆಯೂ ಇದ್ದ ರೋಗಿಗಳ ಮೇಲೆ ನಡೆದ ‘ಟ್ರೀಟ್’ ಪ್ರಯೋಗದಲ್ಲಿ (2009) ಡಾರ್ಬೆಪೊಯೆಟಿನ್‌ನಿಂದ (ಎರಿತ್ರೊಪೊಯೆಟಿನ್‌ನಂಥದ್ದೇ ಔಷಧಿ) ಎಚ್‌ಬಿ 13ರ ಗುರಿ ಇಟ್ಟ ಗುಂಪಿನಲ್ಲಿ ಪಾರ್ಶ್ವವಾಯು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬಿಪಿ ಕುಸಿತ ತಡೆಯಲು ಬೇರೆ ದಾರಿಯಿದೆ: ಡಯಾಲಿಸಿಸ್ ದ್ರವವನ್ನು ಮೈಶಾಖಕ್ಕಿಂತ 0.5 ಡಿಗ್ರಿ ತಣ್ಣಗಿಟ್ಟರೆ ಬಿಪಿ ಹೆಚ್ಚು ಸ್ಥಿರ. 2015ರ ಒಂದು ಸಣ್ಣ ಪ್ರಯೋಗದಲ್ಲಿ ಹಾಗೆ ಮಾಡಿದವರ ಮಿದುಳಿನ ಬಿಳಿಭಾಗ (ನರತಂತುಗಳ ಭಾಗ) ಒಂದು ವರ್ಷದ ನಂತರವೂ ಚೆನ್ನಾಗಿ ಉಳಿದಿತ್ತು.