ಮೂರು ಮುಚ್ಚಳದ ಬ್ಯಾಟರಿಯಿಂದ ಆರು ಮುಚ್ಚಳಕ್ಕೆ

ಹಳೇ ಟ್ರ್ಯಾಕ್ಟರ್ ಕಣ್ಣಿಗೆ ಬಿದ್ದರೆ ಅದರ ಬ್ಯಾಟರಿಯ ಮೇಲಿನ ಮುಚ್ಚಳಗಳನ್ನು ಎಣಿಸಿ ನೋಡಿ. ಸೀಸ ಮತ್ತು ಆಮ್ಲದ ಒಂದೊಂದು ಕೋಶವೂ ಕೊಡುವುದು ಸುಮಾರು 2.1 ವೋಲ್ಟ್. ಮೂರು ಮುಚ್ಚಳ ಇದ್ದರೆ 6 ವೋಲ್ಟಿನ ಗಾಡಿ, ಆರಿದ್ದರೆ 12 ವೋಲ್ಟಿನದು. 1939ರಲ್ಲಿ ಬಂದ ಫೋರ್ಡ್ 9ಎನ್, 1947ರಿಂದ 1952ರವರೆಗೆ ತಯಾರಾದ 8ಎನ್, ಫಾರ್ಮಾಲ್ ಎಚ್, ಇವೆಲ್ಲ ಮೂರು ಮುಚ್ಚಳದ ಕಾಲದವು. ಇಂಥ ಗಾಡಿಯಲ್ಲಿ ಆರು ಮುಚ್ಚಳ ಕಂಡರೆ, ನಡುವೆ ಯಾರೋ ಕೈಯಾಡಿಸಿದ್ದಾರೆ ಎಂದೇ ತಿಳಿಯಬೇಕು.

ಯಾಕೆ ಕೈಯಾಡಿಸುತ್ತಾರೆ? ಚಳಿಯ ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಒಂದು ಸುತ್ತು ನರಳಿ ಸುಮ್ಮನಾಗುತ್ತದೆ, ಅದಕ್ಕೆ. 'ಆರು ವೋಲ್ಟಲ್ಲಿ ದಮ್ಮೇ ಇಲ್ಲ' ಎಂಬ ತೀರ್ಪು ಆಗಲೇ ಹೊರಬೀಳುತ್ತದೆ. ತೀರ್ಪು ಅರ್ಧ ಸರಿ. ಉಳಿದರ್ಧ ತಪ್ಪು ಬ್ಯಾಟರಿಯದ್ದಲ್ಲ, ದಾರಿಯದ್ದು.

ಲೆಕ್ಕ ಹಾಕಿ ನೋಡೋಣ. ಸೆಲ್ಫ್ ಮೋಟಾರು 200 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. ಬ್ಯಾಟರಿಯಿಂದ ಮೋಟಾರಿನವರೆಗಿನ ಕೇಬಲ್ಲು, ಕ್ಲ್ಯಾಂಪು, ಸ್ವಿಚ್ಚು, ಅರ್ತ್ (ಗಾಡಿಯ ಲೋಹದ ಮೈಗೆ ಕೊಟ್ಟ ಜೋಡಣೆ), ಎಲ್ಲ ಸೇರಿ ರೋಧ ಬರೀ 0.01 ಓಮ್ ಇರಲಿ. ಓಮ್‌ನ ನಿಯಮದ ಪ್ರಕಾರ ದಾರಿಯಲ್ಲೇ 2 ವೋಲ್ಟ್ ಕಳೆದುಹೋಗುತ್ತದೆ. ಆರರಲ್ಲಿ ಎರಡು ಹೋದರೆ ಮೋಟಾರಿಗೆ ತಲುಪುವುದು ನಾಲ್ಕೇ. 1200 ವ್ಯಾಟ್ ಹೊರಟು 400 ವ್ಯಾಟ್ ತಂತಿ ಕಾಯಿಸುವುದಕ್ಕೇ ಖರ್ಚಾಯಿತು. ಅದೇ 2 ವೋಲ್ಟ್ ಹನ್ನೆರಡರಲ್ಲಿ ಕಳೆದರೆ ಇನ್ನೂ ಹತ್ತು ಉಳಿಯುತ್ತದೆ. ಸಣ್ಣ ಸಂಬಳದವನಿಗೂ ದೊಡ್ಡ ಸಂಬಳದವನಿಗೂ ಒಂದೇ ಬಸ್ ಚಾರ್ಜು ಇದ್ದ ಹಾಗೆ.

ಹಾಗಾಗಿ ವೋಲ್ಟೇಜ್ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡುವುದು ನನ್ನ ಪದ್ಧತಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೆ, ಇನ್ನೊಂದನ್ನು ಸೆಲ್ಫ್ ಮೋಟಾರಿನ ಮೈಗೆ ಹಿಡಿದು, ಬೇರೆಯವರಿಗೆ ಸೆಲ್ಫ್ ಹೊಡೆಯಲು ಹೇಳುತ್ತೇನೆ. ಎರಡರ ನಡುವೆ ಇರುವುದು ಲೋಹ ಮಾತ್ರ, ಮೀಟರ್ ಸೊನ್ನೆಯ ಆಸುಪಾಸಿನಲ್ಲಿರಬೇಕು. ಒಂದು ವೋಲ್ಟ್ ತೋರಿಸಿದರೆ ಅರ್ತ್ ಬೋಲ್ಟ್ ಬಿಚ್ಚಿ ನೋಡಿ: ಅಡಿಯಲ್ಲಿ ಬಣ್ಣ, ತುಕ್ಕು, ಬಿಳಿ ಪುಡಿ. ಎಷ್ಟೋ ಗಾಡಿಗಳಲ್ಲಿ ಯಾರೋ ಕಾರಿನ ತೆಳು ಕೇಬಲ್ ತಂದು ಹಾಕಿರುತ್ತಾರೆ. 6 ವೋಲ್ಟಿಗೆ ಕಿರುಬೆರಳಿನಷ್ಟಾದರೂ ದಪ್ಪದ ಕೇಬಲ್ ಬೇಕು. ಉಪ್ಪುಕಾಗದವೂ ದಪ್ಪ ಕೇಬಲ್ಲೂ ಗಾಡಿಯನ್ನು ಎಬ್ಬಿಸಿದರೆ ಮುಂದಿನ ರಿಪೇರಿಯೇ ಬೇಡ.

ಕಾರುಗಳ ಲೋಕವೂ ಈ ಲೆಕ್ಕಕ್ಕೇ ಮಣಿಯಿತು. 1912ರ ಕ್ಯಾಡಿಲಾಕಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಜೋಡಿಸಿದ ಮೇಲೆ, ದಶಕಗಳ ಕಾಲ 6 ವೋಲ್ಟೇ ಮಾಮೂಲಾಗಿತ್ತು. ಎಂಜಿನ್ನಿನ ಕಂಪ್ರೆಶನ್ ಏರಿದಂತೆ ಅದನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕಾಯಿತು. 1950ರ ದಶಕದ ನಡುವಿನ ಹೊತ್ತಿಗೆ ಅಮೆರಿಕದ ಕಾರುಗಳು 12ಕ್ಕೆ ಬಂದವು. ಈಗ ಕೆಲವು ಹೈಬ್ರಿಡ್ ಕಾರುಗಳು 48 ವೋಲ್ಟಿಗೆ ಹೋಗಿರುವುದರ ಹಿಂದೆಯೂ ಇದೇ ತಂತಿಯ ಲೆಕ್ಕ ಇದೆ.

ಇನ್ನು ಆರು ಮುಚ್ಚಳದ ಬ್ಯಾಟರಿ ಇಟ್ಟಾಯಿತು ಎನ್ನೋಣ. ಟ್ರ್ಯಾಕ್ಟರಿನ ಒಂದೊಂದು ಭಾಗವೂ ಇದಕ್ಕೆ ಒಂದೊಂದು ಥರ ಪ್ರತಿಕ್ರಿಯಿಸುತ್ತದೆ.

ಮೊದಲು ಸೆಲ್ಫ್ ಮೋಟಾರು. ವೋಲ್ಟೇಜ್ ದುಪ್ಪಟ್ಟಾದರೆ ಕರೆಂಟು ಅರ್ಧವಾಗುತ್ತದೆ ಎನ್ನುವ ಮಾತು ಪ್ರಚಾರದಲ್ಲಿದೆ. 12 ವೋಲ್ಟಿಗೆಂದೇ ಸುತ್ತಿದ ಮೋಟಾರಿಗೆ ಅದು ನಿಜ, ಹಳೇ ಮೋಟಾರಿಗೆ ಅಲ್ಲ. ಇದು ಸೀರೀಸ್ ಮೋಟಾರು, ಅಂದರೆ ಒಳಗಿನ ಫೀಲ್ಡ್ (ನಿಂತ ಸುರುಳಿ), ಆರ್ಮೇಚರ್ (ತಿರುಗುವ ಸುರುಳಿ) ಎರಡರಲ್ಲೂ ಒಂದೇ ಕರೆಂಟು ಹರಿಯುತ್ತದೆ. ತಿರುಗಿಸುವ ಬಲ ಹುಟ್ಟುವುದು ಕರೆಂಟಿನಿಂದ. ಎಂಜಿನ್ನಿಗೆ ಬೇಕಾದ ಬಲ ಬದಲಾಗದ್ದರಿಂದ ಕರೆಂಟೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹೆಚ್ಚಿನ ವೋಲ್ಟೇಜ್ ಎಲ್ಲ ವೇಗಕ್ಕೆ ಹೋಗುತ್ತದೆ. ಮೋಟಾರಿಗೆ ತಲುಪುವುದು 4ರ ಬದಲು 10 ವೋಲ್ಟ್ ಆದ್ದರಿಂದ ಎಂಜಿನ್ ಗರಗರ ತಿರುಗಿ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಹೊಡೆತ ಬೀಳುವುದು ಮೊದಲ ಕ್ಷಣದಲ್ಲಿ. ಮೋಟಾರು ತಿರುಗುವಾಗ ಬ್ಯಾಟರಿಗೆ ಎದುರಾಗಿ ಹುಟ್ಟುವ ವೋಲ್ಟೇಜ್, ನಿಂತ ಮೋಟಾರಿನಲ್ಲಿ ಇನ್ನೂ ಹುಟ್ಟಿರುವುದಿಲ್ಲ, ಕರೆಂಟಿಗೆ ತಡೆ ರೋಧ ಮಾತ್ರ. ಆಗ ನಿಜಕ್ಕೂ ದುಪ್ಪಟ್ಟು ಕರೆಂಟು ನುಗ್ಗಿ, ಬೆಂಡಿಕ್ಸಿನ (ಮೋಟಾರನ್ನು ಎಂಜಿನ್ನಿಗೆ ಜೋಡಿಸುವ ಭಾಗ) ಪುಟ್ಟ ಹಲ್ಲುಚಕ್ರ ಫ್ಲೈವೀಲಿನ ಹಲ್ಲಿಗೆ ಧಡಾರೆಂದು ಬಡಿಯುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಎಂಜಿನ್ ಹತ್ತಿಕೊಂಡರೆ ಮೋಟಾರು ವರ್ಷಗಟ್ಟಲೆ ಬಾಳುತ್ತದೆ. ಹತ್ತಿಕೊಳ್ಳದ ಎಂಜಿನ್ನಿಗೆ ಅರ್ಧ ನಿಮಿಷ ಸೆಲ್ಫ್ ಹೊಡೆಯುತ್ತ ಕೂತರೆ ವೈಂಡಿಂಗ್ ಸುಟ್ಟ ವಾಸನೆ ಬರುತ್ತದೆ.

ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲಿಗೆ ಇಷ್ಟು ತಾಳ್ಮೆ ಇಲ್ಲ. 6 ವೋಲ್ಟಿನ ಕಾಯಿಲಿನ ಪ್ರೈಮರಿ ರೋಧ ಸುಮಾರು 1.5 ಓಮ್ ಎಂದಿಟ್ಟುಕೊಳ್ಳಿ. ಪಾಯಿಂಟ್ (ಕಾಯಿಲಿನ ಕರೆಂಟನ್ನು ಬಿಟ್ಟು ತಡೆಯುವ ಪುಟ್ಟ ಸ್ವಿಚ್ಚು) ಮುಚ್ಚಿದಾಗ 4 ಆಂಪಿಯರ್ ಹರಿಯುತ್ತದೆ, 24 ವ್ಯಾಟ್ ಶಾಖ. 12 ವೋಲ್ಟಿಗೆ ಕೊಟ್ಟರೆ 8 ಆಂಪಿಯರ್, 96 ವ್ಯಾಟ್. ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಪಾಯಿಂಟುಗಳ ಮುಖ ಕರಕಲಾಗುತ್ತದೆ, ಕಾಯಿಲು ಮುಟ್ಟಲಾಗದಷ್ಟು ಕಾಯುತ್ತದೆ. ಎಂಜಿನ್ ನಿಂತಿದ್ದು, ಪಾಯಿಂಟ್ ಮುಚ್ಚಿದ್ದು, ಕೀ ಆನ್ ಮಾಡಿ ಮರೆತು ಹೋದರಂತೂ ಕಥೆ ಮುಗಿಯಿತು. ಪರಿಹಾರ ಸುಲಭ: 3 ಓಮ್ ಇರುವ 12 ವೋಲ್ಟಿನ ಕಾಯಿಲು ಹಾಕಿ, ಇಲ್ಲವೇ ಹಳೇ ಕಾಯಿಲಿನ ಮುಂದೆ 1.5 ಓಮ್ ರೆಸಿಸ್ಟರ್ ಸೇರಿಸಿ. ಎರಡರಲ್ಲೂ ಕರೆಂಟು ಮತ್ತೆ 4 ಆಂಪಿಯರಿಗೆ ಇಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಮುಂಬದಿಗಿರುವ ಫೋರ್ಡ್ ಗಾಡಿಗಳಲ್ಲಿ 6 ವೋಲ್ಟಿನ ಕಾಲದಿಂದಲೇ ಒಂದು ರೆಸಿಸ್ಟರ್ ಇದೆ. 'ಇದ್ಯಾಕೆ ಇಲ್ಲಿ' ಎಂದು ಅದನ್ನು ಕಿತ್ತೆಸೆಯುವ ಜಾಣರಿಗೆ ಕೊರತೆಯಿಲ್ಲ.

ಬಲ್ಬುಗಳ ವಿಷಯದಲ್ಲಿ ಹೇಳುವುದೇನಿಲ್ಲ, ಎಲ್ಲವನ್ನೂ ಬದಲಿಸಬೇಕು. ಬದಲಿಸದಿದ್ದರೆ ಒಂದು ಸಲ ಬೆಳ್ಳಗೆ ಮಿಂಚಿ ತಾವೇ ರಜೆ ಹಾಕುತ್ತವೆ.

ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ತೆಗೆದು, ಅದೇ ಕೆಲಸ ಮಾಡುವ ಆಲ್ಟರ್ನೇಟರ್ ಹಾಕುವುದೇ ಈಗಿನ ವಾಡಿಕೆ. 6 ವೋಲ್ಟಿನ ಬ್ಯಾಟರಿಗೆ ಚಾರ್ಜಿಂಗ್ ಸುಮಾರು 7.2 ವೋಲ್ಟಿನಲ್ಲಿ ನಡೆಯುತ್ತಿತ್ತು, ಇದರಲ್ಲಿ 14ರ ಮೇಲೆ. ಇಲ್ಲೊಂದು ಗುಂಡಿ ಇದೆ. ಈ ಹಳೇ ಗಾಡಿಗಳಲ್ಲಿ ಪಾಸಿಟಿವ್ ಅನ್ನು ಅರ್ತ್ ಮಾಡಿರುತ್ತಾರೆ. ಮಾಮೂಲಿ ಆಲ್ಟರ್ನೇಟರಿಗೆ ನೆಗೆಟಿವ್ ಅರ್ತ್ ಆಗಬೇಕು. ಹಳೇ ಅಭ್ಯಾಸದಲ್ಲಿ ಬ್ಯಾಟರಿಯನ್ನು ತಿರುವುಮುರುವು ಕೊಟ್ಟರೆ ಒಳಗಿನ ಡಯೋಡುಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಕಣ್ಣು ಮಿಟುಕಿಸುವಷ್ಟರಲ್ಲಿ ಸುಡುತ್ತವೆ. ಸೆಲ್ಫ್ ಮೋಟಾರಿಗೆ ಮಾತ್ರ ಪರಿವೆಯೇ ಇಲ್ಲ: ಫೀಲ್ಡ್, ಆರ್ಮೇಚರ್ ಎರಡರಲ್ಲೂ ಕರೆಂಟು ಒಟ್ಟಿಗೇ ತಿರುಗುವುದರಿಂದ ಅದು ಎಂದಿನ ದಿಕ್ಕಿಗೇ ಸುತ್ತುತ್ತದೆ. ಅಮ್ಮೀಟರಿನ ಮುಳ್ಳು ಉಲ್ಟಾ ಓಡುತ್ತದೆ. ಅದರ ಹಿಂದಿನ ಎರಡು ತಂತಿ ಅದಲುಬದಲು ಮಾಡಿದರೆ ಸಾಕು.

ಇಷ್ಟೆಲ್ಲ ಓದಿಕೊಂಡು ನಾನು ಮೊದಲ ಸಲ ಈ ಕೆಲಸಕ್ಕೆ ಇಳಿದಾಗ ಎಲ್ಲವೂ ಸರಿಯಾಗೇ ನಡೆಯಿತು. ಒಂದೇ ಸೆಲ್ಫಿಗೆ ಗಾಡಿ ಸ್ಟಾರ್ಟ್ ಆಯಿತು. ಹಿಗ್ಗಿ, ಕೀ ತಿರುಗಿಸಿ ಆಫ್ ಮಾಡಿದೆ. ಎಂಜಿನ್ ಡುಗುಡುಗು ಎನ್ನುತ್ತಲೇ ಇತ್ತು. ಕೀಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡೆ, ಆಗಲೂ ನಿಲ್ಲಲಿಲ್ಲ. ಕೊನೆಗೆ ಚೋಕ್ ಪೂರ್ತಿ ಎಳೆದು ಉಸಿರುಗಟ್ಟಿಸಬೇಕಾಯಿತು.

ಆಮೇಲೆ ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ಗುಟ್ಟು ಬಯಲಾಯಿತು. ಆಲ್ಟರ್ನೇಟರನ್ನು ಎಚ್ಚರಿಸಲು ಕೀ ಸ್ವಿಚ್ಚಿನಿಂದ ಒಂದು ಸಣ್ಣ ತಂತಿ ಹೋಗುತ್ತದೆ. ಅದೇ ಸ್ವಿಚ್ಚಿನ ಅದೇ ತುದಿಯಿಂದ ಕಾಯಿಲಿಗೂ ತಂತಿ ಇದೆ. ಕೀ ಆಫ್ ಆದರೂ ಆಲ್ಟರ್ನೇಟರ್ ತಿರುಗುತ್ತಿರುತ್ತದಲ್ಲ. ಅದು ಹುಟ್ಟಿಸಿದ ಕರೆಂಟು ಆ ಸಣ್ಣ ತಂತಿಯಲ್ಲೇ ಹಿಂದಕ್ಕೆ ಹರಿದು ಕಾಯಿಲು ಸೇರುತ್ತದೆ. ಕಾಯಿಲು ಕಿಡಿ ಕೊಡುತ್ತದೆ, ಕಿಡಿಯಿಂದ ಎಂಜಿನ್ ಓಡುತ್ತದೆ, ಎಂಜಿನ್ ಆಲ್ಟರ್ನೇಟರನ್ನು ತಿರುಗಿಸುತ್ತದೆ.

ಆ ತಂತಿಯಲ್ಲಿ ಒಂದು ಡಯೋಡ್ ಸೇರಿಸಿದರೆ ಹಿಂದಿನ ಹರಿವು ನಿಲ್ಲುತ್ತದೆ. ನಾನು ಡಯೋಡ್ ಬದಲು ಡ್ಯಾಶ್‌ಬೋರ್ಡಿನ ಪುಟ್ಟ ಬಲ್ಬ್ ಹಾಕಿದೆ. ಅದರ ರೋಧ ದಾಟಿ ಬರುವ ಚಿಲ್ಲರೆ ಕರೆಂಟಿನಿಂದ ಕಿಡಿ ಹುಟ್ಟುವುದಿಲ್ಲ. ಕೀ ಆನ್ ಮಾಡಿದರೆ ಬಲ್ಬ್ ಉರಿಯುತ್ತದೆ, ಎಂಜಿನ್ ಹತ್ತಿಕೊಂಡು ಚಾರ್ಜಿಂಗ್ ಶುರುವಾದರೆ ಆರುತ್ತದೆ. ಕೀ ಆಫ್ ಮಾಡಿದರೆ ಈಗ ಎಂಜಿನ್ ನಿಲ್ಲುತ್ತದೆ.