ಕೋಳಿಮರಿಯ ಚೀಲಕ್ಕೆ ಯೀಸ್ಟ್‌ನ ಕಾವಲು

ಕೋಳಿಮರಿಯ ಹೊಟ್ಟೆಯೊಳಗೆ, ಮಲದ್ವಾರಕ್ಕೆ ತುಸು ಮೇಲೆ, ಒಂದು ಪುಟ್ಟ ಚೀಲವಿದೆ. ಹೆಸರು ಬರ್ಸಾ. ಇಟಲಿಯ ಪಾದುವಾ ನಗರದ ಅಂಗರಚನಾ ಪಂಡಿತ ಫ್ಯಾಬ್ರಿಷಿಯಸ್ ಅದನ್ನು ವರ್ಣಿಸಿದ ಪುಸ್ತಕ 1621ರಲ್ಲೇ ಅಚ್ಚಾಗಿತ್ತು. ಆದರೆ ಅದು ಮಾಡುವ ಕೆಲಸವೇನೆಂದು ತಿಳಿಯಲು ಮುನ್ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಅದೂ ತಿಳಿದದ್ದು ಆಕಸ್ಮಿಕವಾಗಿ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದು ಗಮನಿಸುತ್ತಿದ್ದರು. ತರಗತಿಯಲ್ಲಿ ಪ್ರತಿಕಾಯ, ಅಂದರೆ ರೋಗಾಣುಗಳನ್ನು ಎದುರಿಸುವ ಪ್ರೋಟೀನು, ಹುಟ್ಟುವುದನ್ನು ತೋರಿಸಬೇಕಿದ್ದ ಗೆಳೆಯ ಟಿಮೊಥಿ ಚಾಂಗ್, ಗ್ಲಿಕ್ ಅವರಿಂದ ಆ ಕೋಳಿಗಳನ್ನು ಕೇಳಿ ಪಡೆದರು. ಬರ್ಸಾ ಇಲ್ಲದ ಬಹುತೇಕ ಕೋಳಿಗಳಲ್ಲಿ ಪ್ರತಿಕಾಯ ಹುಟ್ಟಲೇ ಇಲ್ಲ! 1956ರಲ್ಲಿ ಇದು ಪ್ರಕಟವಾಯಿತು. ನಮ್ಮ ರಕ್ತದಲ್ಲಿ ಪ್ರತಿಕಾಯ ತಯಾರಿಸುವ 'ಬಿ' ಕೋಶಗಳಿಗೆ ಆ ಅಕ್ಷರ ಬಂದದ್ದು ಕೋಳಿಯ ಈ ಚೀಲದಿಂದಲೇ.

ಕೋಳಿ ಸಾಕುವವರು ಹೆದರುವ ಗಂಬೋರೊ ರೋಗದ ವೈರಸ್ ನುಗ್ಗುವುದು ಸರಿಯಾಗಿ ಇಲ್ಲಿಗೇ. ಡೆಲವೇರ್ ರಾಜ್ಯದ ಗಂಬೋರೊ ಎಂಬ ಊರಿನ ಸುತ್ತ ಮೊದಲು ಕಂಡ ಈ ರೋಗ, ಮೂರರಿಂದ ಆರು ವಾರದ ಮರಿಗಳನ್ನು ಹೆಚ್ಚಾಗಿ ಕಾಡುತ್ತದೆ. ಬದುಕುಳಿದ ಮರಿಯ ಪಾಡೂ ಕಷ್ಟವೇ: ಬರ್ಸಾ ಹಾಳಾದ ಮೇಲೆ ಬೇರೆ ರೋಗಗಳಿಗೆ ಹಾಕಿದ ಲಸಿಕೆಯೂ ಸರಿಯಾಗಿ ನಾಟುವುದಿಲ್ಲ. ಫಾರಂ ತೊಳೆದರೂ ತಿಂಗಳುಗಟ್ಟಲೆ ಉಳಿಯುವಷ್ಟು ಗಟ್ಟಿ ವೈರಸ್ ಇದು.

ಲಸಿಕೆಗಳೇನೋ ಇವೆ. ಜೀವಂತ ಲಸಿಕೆಯ ಕೆಲವು ತಳಿಗಳು ತುಸು ಬಿರುಸಾಗಿದ್ದು, ಕಾಯಬೇಕಾದ ಬರ್ಸಾಕ್ಕೇ ಗಾಯ ಮಾಡುತ್ತವೆ. ಕೊಂದ ವೈರಸ್‌ನ ಲಸಿಕೆ ಬೇಕೆಂದರೆ ಮೊದಲು ವೈರಸ್ ಬೆಳೆಸಬೇಕು. ಅದಕ್ಕೊಂದು ಹಳೆಯ ದಾರಿ, ಮರಿಗಳಿಗೆ ಬೇಕೆಂದೇ ರೋಗ ತಗುಲಿಸಿ, ಅವುಗಳ ಬರ್ಸಾ ತೆಗೆದು ಅರೆಯುವುದು. ಮರಿಗಳನ್ನು ಉಳಿಸಲು ಮರಿಗಳನ್ನೇ ಬಲಿ ಕೊಡುವ ಈ ವಿಧಾನ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಯೀಸ್ಟ್ ನೆರವಿಗೆ ಬಂದದ್ದು ಇಲ್ಲಿ. ಗಂಬೋರೊ ವೈರಸ್‌ನ ಹೊರಕವಚ 'ವಿಪಿ2' ಎಂಬ ಒಂದೇ ಪ್ರೋಟೀನಿನದು. ಅದರ ವಂಶವಾಹಿಯನ್ನಷ್ಟೇ 'ಪಿಕಿಯಾ ಪಾಸ್ಟೋರಿಸ್' ಎಂಬ ಯೀಸ್ಟ್‌ಗೆ ಸೇರಿಸುತ್ತಾರೆ. ಮೆಥನಾಲ್ ಎಂಬ ಮದ್ಯಸಾರ ಉಂಡು ಬದುಕಬಲ್ಲ ಜೀವಿ ಇದು. ಮೊದಲು ಗ್ಲಿಸರಾಲ್ ಉಣಿಸಿ ಚೆನ್ನಾಗಿ ಬೆಳೆಸಿ, ಬಳಿಕ ಮೆಥನಾಲ್ ಕೊಟ್ಟರೆ, ಅದನ್ನು ಅರಗಿಸಲು ಬೇಕಾದ ವಂಶವಾಹಿಯ ಗುಂಡಿ ಒತ್ತಿದಂತಾಗುತ್ತದೆ. ಆ ಗುಂಡಿಗೇ ವಿಪಿ2ವನ್ನೂ ಜೋಡಿಸಿರುವುದರಿಂದ ಕೋಶದ ತುಂಬ ವಿಪಿ2 ತಯಾರಾಗುತ್ತದೆ. ಪ್ರೋಟೀನುಗಳು ತಾವಾಗಿಯೇ ಕೂಡಿಕೊಂಡು ಸುಮಾರು 23 ನ್ಯಾನೋಮೀಟರ್ ಅಗಲದ ಚೆಂಡುಗಳಾಗುತ್ತವೆ. ಒಳಗೆ ವೈರಸ್ ಮರಿಹಾಕಲು ಬೇಕಾದ ವಂಶವಸ್ತು, ಅಂದರೆ ಆರ್‌ಎನ್‌ಎ ಇಲ್ಲ, ಆದ್ದರಿಂದ ರೋಗದ ಭಯವೂ ಇಲ್ಲ. ಇಸ್ರೇಲಿನ ವಿಜ್ಞಾನಿಗಳು ಇಂಥ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕೋಳಿಗಳಿಗೆ ಕೊಟ್ಟ ಅನುಭವವನ್ನು 2003ರಲ್ಲೇ ಪ್ರಕಟಿಸಿದರು. ಮನುಷ್ಯರ ಹೆಪಟೈಟಿಸ್ ಬಿ ಲಸಿಕೆಯನ್ನು ಹೈದರಾಬಾದಿನಲ್ಲಿ 1997ರಲ್ಲಿ ಹೊರತಂದದ್ದೂ ಇದೇ ಯೀಸ್ಟ್‌ನಿಂದ.

ಎಲ್ಲ ವೈರಸ್‌ಗಳಿಗೂ ಇದು ಇಷ್ಟು ಸಲೀಸಲ್ಲ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ವೈರಸ್‌ನ ಹೊರಮೈ ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿಗಳು ಅಂಟಿರುತ್ತವೆ. ಯೀಸ್ಟ್ ತನ್ನದೇ ಬಗೆಯ ಸಕ್ಕರೆ ಅಂಟಿಸಿ ಅವುಗಳ ರೂಪ ಕೆಡಿಸಬಹುದು. ವಿಪಿ2ಗೆ ಆ ತೊಡಕಿಲ್ಲ. ಯೀಸ್ಟ್‌ನ ದಪ್ಪ ಗೋಡೆ ಒಡೆದು ಅದನ್ನು ಹೊರತೆಗೆಯುವುದೇ ಶ್ರಮದ ಕೆಲಸ.

ಈ ಲಸಿಕೆಯನ್ನು ಮೊಟ್ಟೆಗೆ ಬರುವ ಮುನ್ನ ತಾಯಿ ಕೋಳಿಗೆ ಚುಚ್ಚಿದರೂ ಸಾಕು. ಅದರ ಪ್ರತಿಕಾಯಗಳು ಹಳದಿ ಲೋಳೆಗೆ ಇಳಿದು, ಮರಿಯ ಮೊದಲ ಕೆಲವು ವಾರ ಆ ಪುಟ್ಟ ಚೀಲವನ್ನು ಕಾಯುತ್ತವೆ.